ಜವೆಗೋಧಿ: ಶಿಕ್ಷೆಯ ಕೂಳು ಪಥ್ಯವಾದ ಕತೆ

ನಮ್ಮ ಮನೆಗಳಲ್ಲಿ ಬಾರ್ಲಿ ನೆನಪಾಗುವುದು ಉರಿಮೂತ್ರ ಬಂದಾಗ, ಇಲ್ಲವೇ ಮೈ ಉಷ್ಣ ಆದಾಗ. ಬೇಯಿಸಿ, ಸೋಸಿದ ನೀರು ಕುಡಿದು, ಕಾಳನ್ನು ಕಲಗಚ್ಚಿನ ಬಾನಿಗೆ ಸುರಿಯುತ್ತೇವೆ. ಈ ಬಾರ್ಲಿಯೇ ಜವೆಗೋಧಿ. ಒಂದು ಕಾಲಕ್ಕೆ ಇದು ಔಷಧಿಯಲ್ಲ, ದಿನದ ಊಟ.

ಪಶ್ಚಿಮ ಏಷ್ಯಾದ ರೈತರು ಸುಮಾರು 10,000 ವರ್ಷಗಳ ಹಿಂದೆಯೇ ಇದನ್ನು ಬೆಳೆದರು. ಈಗಿನ ಪಾಕಿಸ್ತಾನದಲ್ಲಿರುವ ಮೆಹರ್‌ಗಢದ ಮೊದಲ ರೈತರ ಮುಖ್ಯ ಬೆಳೆ ಇದೇ. ವೇದಗಳ 'ಯವ'ವೂ ಇದೇ. ನಮ್ಮ ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲೂ ಇದರ ಕಾಳು ಸಿಕ್ಕಿದೆ. ಗೋಧಿ ಸೋಲುವ ಉಪ್ಪು ನೆಲದಲ್ಲೂ ಬರುವ ಬೆಳೆಯಿದು. ಹಳೆಯ ಮೆಸೊಪೊಟೇಮಿಯಾದಲ್ಲಿ ಕೂಲಿಯನ್ನೂ ಜವೆಗೋಧಿಯಲ್ಲೇ ಅಳೆದು ಕೊಡುತ್ತಿದ್ದರು.

ಹಾಗಾದರೆ ಮರ್ಯಾದೆ ಹೋದದ್ದು ಹೇಗೆ? ಇದರ ಹಿಟ್ಟು ಗೋಧಿಯಂತೆ ಉಬ್ಬುವುದಿಲ್ಲ, ರೊಟ್ಟಿ ಗಟ್ಟಿ. ರೋಮ್‌ನಲ್ಲಿ ಗೋಧಿ ಉಳ್ಳವರ ಊಟವಾಯಿತು. ಯುದ್ಧದಲ್ಲಿ ಹಿಂಜರಿದ ಸೈನಿಕರಿಗೆ ಶಿಕ್ಷೆಯಾಗಿ ಗೋಧಿ ನಿಲ್ಲಿಸಿ ಜವೆಗೋಧಿ ಕೊಡುತ್ತಿದ್ದರು. ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್‌ಗಳಿಗೆ 'ಜವೆಗೋಧಿ ತಿನ್ನುವವರು' ಎಂಬ ಅಡ್ಡಹೆಸರಿತ್ತು. ಇವತ್ತಿಗೂ ಜಗತ್ತಿನ ಜವೆಗೋಧಿಯ ಬಹುಪಾಲು ಹೋಗುವುದು ಪಶು ಆಹಾರಕ್ಕೆ, ಬಿಯರ್‌ಗೆ.

ಆದರೆ ಕಾಳಿನ ಒಳಗಿನ ಕತೆಯೇ ಬೇರೆ. ತೌಡು ತೆಗೆಯದ 100 ಗ್ರಾಂ ಜವೆಗೋಧಿಯಲ್ಲಿ ಸುಮಾರು 17 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 1 ಗ್ರಾಂ ಆಸುಪಾಸು. ಈ ನಾರಿನಲ್ಲಿ ಬೀಟಾ ಗ್ಲುಕಾನ್ ಎಂಬುದು ಕರುಳಿನಲ್ಲಿ ಲೋಳೆಯಂತಾಗಿ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ, ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಹೃದ್ರೋಗದ ಅಪಾಯ ತಗ್ಗಿಸಬಲ್ಲದು ಎಂದು ಜವೆಗೋಧಿ ಪೊಟ್ಟಣದ ಮೇಲೆ ಬರೆಯಲು ಅಮೆರಿಕ ಸರ್ಕಾರ 2006ರಲ್ಲಿ ಒಪ್ಪಿಗೆ ಕೊಟ್ಟಿತು. ಮೆಗ್ನೀಸಿಯಂ, ಬಿ ಜೀವಸತ್ವಗಳೂ ಇದರಲ್ಲಿವೆ. ಪಾಲಿಶ್ ಮಾಡಿದರೆ ಅವುಗಳಲ್ಲಿ ಒಂದಷ್ಟು ತೌಡಿನ ಜೊತೆ ಹೋಗುತ್ತವೆ. ಬೀಟಾ ಗ್ಲುಕಾನ್ ಮಾತ್ರ ಕಾಳಿನ ತುಂಬ ಹರಡಿರುವುದರಿಂದ ಅಂಗಡಿಯ ಬಿಳಿ ಬಾರ್ಲಿಯಲ್ಲೂ ಉಳಿದಿರುತ್ತದೆ.

ರಾಗಿ, ನವಣೆಯನ್ನು ಬಡವರ ಕೂಳು ಎಂದು ನಾವೂ ಬದಿಗಿಟ್ಟವರೇ. ಈಗ ಸಕ್ಕರೆ ಕಾಯಿಲೆ ಬಂದ ಮೇಲೆ ಅದನ್ನೇ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ತರುತ್ತಿದ್ದೇವೆ. ಜವೆಗೋಧಿ ಉತ್ತರ ಭಾರತದ ಚಳಿಗಾಲದ ಬೆಳೆ, ಅದನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಮನೆಯಲ್ಲಿದ್ದರೆ ಮಾತ್ರ, ಬೆಂದ ಕಾಳನ್ನು ಬಾನಿಗೆ ಹಾಕದೆ ಮಜ್ಜಿಗೆಗೋ ಸಾರಿಗೋ ಹಾಕಿ ಉಣ್ಣಿ. ನಾರಿನ ಹೆಚ್ಚಿನ ಪಾಲು ಇರುವುದು ಅದರಲ್ಲೇ. ಗೋಧಿಯ ಗ್ಲುಟೆನ್ ಆಗದವರಿಗೆ ಇದೂ ಆಗದು. ಡಾಕ್ಟರ್ ಕೊಟ್ಟ ಮಾತ್ರೆಯನ್ನಂತೂ ಬಿಡಬೇಡಿ.