ತಂತ್ರಾಂಶ ನವೀಕರಣ: ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳುವ ಬಗೆ

ಗಣಕದಲ್ಲಿರುವ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅದನ್ನು ಅಳವಡಿಸಿಕೊಳ್ಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಳೆಯ ಆವೃತ್ತಿಯ ಭದ್ರತಾ ಲೋಪಗಳು ಕಿಡಿಗೇಡಿಗಳಿಗೆ ದಾರಿ ಮಾಡಿಕೊಡುತ್ತವೆ. ಆದರೂ ಅನೇಕರು ಹಿಂಜರಿಯುತ್ತಾರೆ. ವರ್ಷಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕ್‌ಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು, ಕಾಗುಣಿತ ಪರೀಕ್ಷಕಕ್ಕೆ ಒಂದೊಂದಾಗಿ ಸೇರಿಸಿದ ಊರು ಮತ್ತು ವ್ಯಕ್ತಿಗಳ ಹೆಸರುಗಳು ಒಮ್ಮೆಲೇ ಮಾಯವಾದರೆ ಗತಿಯೇನು ಎಂಬುದೇ ಅವರ ಅಳುಕು. ಸೆಟ್ಟಿಂಗ್‌ಗಳು ಎಲ್ಲಿರುತ್ತವೆ ಎಂಬುದನ್ನು ಅರಿತುಕೊಂಡರೆ ಈ ಅಳುಕಿಗೆ ಕಾರಣವಿಲ್ಲ.

ಎರಡು ಬೇರೆ ಜಾಗಗಳು

ತಂತ್ರಾಂಶ ಮತ್ತು ಅದರ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ವಿಂಡೋಸ್‌ನಲ್ಲಿ ಹೆಚ್ಚಿನ ತಂತ್ರಾಂಶಗಳು 'ಪ್ರೋಗ್ರಾಂ ಫೈಲ್ಸ್' ಎಂಬ ಫೋಲ್ಡರಿನಲ್ಲಿರುತ್ತವೆ. ಬಳಕೆದಾರರ ಆಯ್ಕೆಗಳಾದರೋ ಅವರ ಹೆಸರಿನ ಫೋಲ್ಡರಿನೊಳಗೆ ಅಡಗಿರುವ 'ಆಪ್‌ಡೇಟಾ'ದಲ್ಲಿ, ಕೆಲವೊಮ್ಮೆ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತವೆ. ಮ್ಯಾಕ್ ಗಣಕಗಳಲ್ಲಿ ಇವು ಬಳಕೆದಾರರ 'ಲೈಬ್ರರಿ' ಫೋಲ್ಡರಿನಲ್ಲಿಯೂ, ಲಿನಕ್ಸ್‌ನಲ್ಲಿ ಚುಕ್ಕೆಯಿಂದ ಆರಂಭವಾಗುವ ಹೆಸರಿನ ಅಡಗಿದ ಫೋಲ್ಡರ್‌ಗಳಲ್ಲಿಯೂ ಇರುತ್ತವೆ. ನವೀಕರಣವು ಬದಲಿಸುವುದು ತಂತ್ರಾಂಶವನ್ನು. ಹೀಗಾಗಿ ಹಳೆಯದರ ಮೇಲೆಯೇ ಹೊಸ ಆವೃತ್ತಿಯನ್ನು ಅಳವಡಿಸಿದರೆ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ.

ನಷ್ಟವಾಗುವುದು ಯಾವಾಗ?

ಮೊದಲನೆಯದು, ಹಳೆಯ ಆವೃತ್ತಿಯನ್ನು ತೆಗೆದುಹಾಕಿ ಹೊಸದನ್ನು ಹಾಕುವಾಗ. ಕ್ರೋಮ್ ಬ್ರೌಸರನ್ನು ತೆಗೆಯುವಾಗ, ಬಳಕೆಯ ಮಾಹಿತಿಯನ್ನೂ ಅಳಿಸಬೇಕೇ ಎಂಬ ಚೌಕವೊಂದು ಕಾಣಿಸುತ್ತದೆ. ಓದದೆ ಅದಕ್ಕೆ ಗುರುತು ಹಾಕಿದರೆ ಗಣಕದಲ್ಲಿದ್ದ ಬುಕ್‌ಮಾರ್ಕ್‌ಗಳು ಹೋಗುತ್ತವೆ.

ಎರಡನೆಯದು, ಹೊಸ ಆವೃತ್ತಿ ಹಿಡಿಸದೆ ಹಳೆಯದಕ್ಕೆ ಮರಳುವಾಗ. ಹೊಸ ಆವೃತ್ತಿಯು ಸೆಟ್ಟಿಂಗ್ ಕಡತಗಳನ್ನು ತನ್ನ ರೂಪಕ್ಕೆ ಮಾರ್ಪಡಿಸಿಕೊಂಡಿರಬಹುದು. ಹಳೆಯದಕ್ಕೆ ಅದು ಅರ್ಥವಾಗುವುದಿಲ್ಲ. ಈ ಕಾರಣದಿಂದಲೇ ಫೈರ್‌ಫಾಕ್ಸ್ 2019ರಲ್ಲಿ ಬಂದ 67ನೇ ಆವೃತ್ತಿಯಿಂದ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯದಂತೆ ತಡೆಯುತ್ತದೆ.

ಮೂರನೆಯದು, 'ಪೋರ್ಟಬಲ್' ತಂತ್ರಾಂಶಗಳು. ಪೆನ್‌ಡ್ರೈವ್‌ನಿಂದಲೇ ನಡೆಯುವ ಇವುಗಳ ಸೆಟ್ಟಿಂಗ್‌ಗಳು ತಂತ್ರಾಂಶದ ಫೋಲ್ಡರಿನೊಳಗೇ ಇರುತ್ತವೆ. ಹಳೆಯ ಫೋಲ್ಡರನ್ನು ಅಳಿಸಿದರೆ ಎರಡೂ ಹೋದಂತೆ.

ಯಾವುದನ್ನು ನಕಲು ಮಾಡಬೇಕು?

ವಿಂಡೋಸ್ ಕೀಲಿಯೊಂದಿಗೆ 'ಆರ್' ಅಕ್ಷರವನ್ನು ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ 'ಆಪ್‌ಡೇಟಾ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ 'ರೋಮಿಂಗ್' ಫೋಲ್ಡರ್ ತೆರೆದುಕೊಳ್ಳುತ್ತದೆ. ಸಂಬಂಧಿಸಿದ ತಂತ್ರಾಂಶವನ್ನು ಪೂರ್ತಿ ಮುಚ್ಚಿದ ನಂತರವೇ ನಕಲು ಮಾಡಬೇಕು. ತೆರೆದಿರುವಾಗ ಮಾಡಿದ ನಕಲು ಅಪೂರ್ಣವಾಗಿರಬಹುದು.

* ಫೈರ್‌ಫಾಕ್ಸ್: ಮೊಜಿಲ್ಲಾ ಫೋಲ್ಡರಿನೊಳಗಿನ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ನಕಲಿಸಿ. ಪಾಸ್‌ವರ್ಡ್‌ಗಳು ಮತ್ತು ಅವನ್ನು ಬಿಡಿಸುವ ಕೀಲಿ ಎರಡು ಬೇರೆ ಕಡತಗಳಲ್ಲಿರುವುದರಿಂದ ಒಂದನ್ನು ಬಿಟ್ಟರೆ ಇನ್ನೊಂದು ನಿರುಪಯೋಗಿ.

* ಲಿಬ್ರೆ ಆಫೀಸ್: ಇದೇ ಹೆಸರಿನ ಫೋಲ್ಡರಿನಲ್ಲಿ '4', ಅದರೊಳಗೆ 'ಯೂಸರ್' ಇದೆ. ತಂತ್ರಾಂಶದ ಆವೃತ್ತಿ ಎಷ್ಟೋ ಮುಂದುವರಿದಿದ್ದರೂ ಈ '4' ಬದಲಾಗಿಲ್ಲ; ಹಳೆಯದೆಂದು ಭಾವಿಸಿ ಅಳಿಸಬಾರದು. ನೀವು ಸೇರಿಸಿದ ಪದಗಳು ಇಲ್ಲಿಯೇ ಇರುತ್ತವೆ.

* ಮೈಕ್ರೋಸಾಫ್ಟ್ ವರ್ಡ್: ಮೈಕ್ರೋಸಾಫ್ಟ್ ಫೋಲ್ಡರಿನ 'ಟೆಂಪ್ಲೇಟ್ಸ್'ನಲ್ಲಿ ಪುಟವಿನ್ಯಾಸದ ಮೂಲ ಕಡತವೂ, 'ಯುಪ್ರೂಫ್'ನಲ್ಲಿ ಸ್ವಂತ ಪದಕೋಶವೂ ಇರುತ್ತವೆ.

* ಕ್ರೋಮ್: ಇದರ ಫೋಲ್ಡರನ್ನು ಬೇರೊಂದು ಗಣಕಕ್ಕೆ ಒಯ್ದರೂ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಮೂಲ ಗಣಕದ ವಿಂಡೋಸ್ ಖಾತೆಗೆ ಬೆಸೆದ ಗೂಢಲಿಪಿಯಲ್ಲಿ ಅವು ಇರುವುದೇ ಕಾರಣ. ಗೂಗಲ್ ಖಾತೆಯ ಮೂಲಕ ಸಿಂಕ್ ಮಾಡುವುದು ಅಥವಾ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳುವುದು ಸೂಕ್ತ.

ಕಾರ್ಯಾಚರಣ ವ್ಯವಸ್ಥೆಯೇ ಬದಲಾದರೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅನುಸ್ಥಾಪನಾ ಕಡತದ ಮೂಲಕ ವಿಂಡೋಸ್ 11ಕ್ಕೆ ಏರುವವರ ಮುಂದೆ ಮೂರು ಆಯ್ಕೆಗಳು ಬರುತ್ತವೆ: ಸ್ವಂತ ಕಡತ ಮತ್ತು ತಂತ್ರಾಂಶಗಳೆರಡನ್ನೂ ಉಳಿಸುವುದು, ಕಡತಗಳನ್ನಷ್ಟೇ ಉಳಿಸುವುದು, ಏನನ್ನೂ ಉಳಿಸದಿರುವುದು. ಸೆಟ್ಟಿಂಗ್‌ಗಳು ಬೇಕೆಂದರೆ ಮೊದಲನೆಯದನ್ನೇ ಆರಿಸಬೇಕು. ಹಿಂದಿನ ವ್ಯವಸ್ಥೆಯು 'ವಿಂಡೋಸ್.ಓಲ್ಡ್' ಎಂಬ ಫೋಲ್ಡರಿನಲ್ಲಿ ಸಾಮಾನ್ಯವಾಗಿ 10 ದಿನ ಮಾತ್ರ ಉಳಿದಿರುತ್ತದೆ. ಮರಳುವ ವಿಚಾರವಿದ್ದಲ್ಲಿ ಅಷ್ಟರೊಳಗೆ ನಿರ್ಧರಿಸಬೇಕು.

ಸರಿಯಾದ ಆಯ್ಕೆ ಮಾಡಿದರೂ ಪ್ರತ್ಯೇಕ ನಕಲು ಅಗತ್ಯವೆಂಬುದಕ್ಕೆ ನಿದರ್ಶನವಿದೆ. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ 1809 ಆವೃತ್ತಿಯು ಕೆಲವು ಬಳಕೆದಾರರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಕಡತಗಳನ್ನೇ ಅಳಿಸಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆಯನ್ನು ತಡೆಹಿಡಿದು, ದೋಷ ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಂಡವರಿಗೆ ಮಾತ್ರ ಕಡತಗಳನ್ನು ಮರಳಿ ಪಡೆಯುವುದು ಸುಲಭವಾಗಿತ್ತು.

ಗಮನದಲ್ಲಿರಲಿ

ನಕಲನ್ನು ಅದೇ ಗಣಕದಲ್ಲಿ ಇಡದೆ ಬೇರೆ ಡಿಸ್ಕಿನಲ್ಲಿ, ದಿನಾಂಕ ಮತ್ತು ಆವೃತ್ತಿಯ ಸಂಖ್ಯೆಯನ್ನು ನಮೂದಿಸಿ ಇಡಿ. ಎಕ್ಸ್‌ಪೋರ್ಟ್ ಮಾಡಿದ ಪಾಸ್‌ವರ್ಡ್ ಕಡತವನ್ನು ಯಾರು ಬೇಕಾದರೂ ಓದಬಹುದು. ಕೆಲಸ ಮುಗಿದೊಡನೆ ಅಳಿಸಿಬಿಡಿ. ನವೀಕರಣದ ನಂತರ ಬುಕ್‌ಮಾರ್ಕ್, ಪಾಸ್‌ವರ್ಡ್, ಪದಕೋಶಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ. ಕೆಲವು ವಾರ ತೊಂದರೆಯಿಲ್ಲದೆ ಬಳಸಿದ ಮೇಲೆಯೇ ಹಳೆಯ ನಕಲನ್ನು ತೆಗೆಯುವುದು ಒಳಿತು.