ಅಚ್ಚಿನ ಖರ್ಚು ಯಾರದ್ದು?

ಪುಂಜಾಲಕಟ್ಟೆಯಲ್ಲಿರುವ ನನ್ನ ದೊಡ್ಡಮ್ಮನ ಮನೆಯ ಅಟ್ಟದ ಮೇಲೆ ಗೋಣಿಚೀಲ ಹೊದೆಸಿಟ್ಟ ನಾಲ್ಕು ಕಟ್ಟು ಪುಸ್ತಕಗಳಿವೆ. ನಾಲ್ಕರಲ್ಲೂ ಒಂದೇ ಪುಸ್ತಕದ ಪ್ರತಿಗಳು. ದೊಡ್ಡಮ್ಮನೇ ಬರೆದ ಕವಿತೆಗಳು. ಇಪ್ಪತ್ತು ವರ್ಷಗಳ ಹಿಂದೆ ಅಡಿಕೆ ಮಾರಿದ ಹಣದಲ್ಲಿ ಉಳಿಸಿ ಐನೂರು ಪ್ರತಿ ಅಚ್ಚು ಹಾಕಿಸಿದ್ದರಂತೆ. ಇನ್ನೂರು ಹೋದವು, ಉಳಿದವು ಅಟ್ಟ ಸೇರಿದವು. "ಯಾಕೆ ಮಾರಲಿಲ್ಲ?" ಎಂದು ಕೇಳಿದರೆ ದೊಡ್ಡಮ್ಮ ನಕ್ಕುಬಿಟ್ಟರು. "ಬರೆಯುದು ಮನೆಯಲ್ಲೇ ಕೂತು ಬರೀಬಹುದು ಮಾರಾಯ್ತಿ. ಮಾರ್ಲಿಕ್ಕೆ ಹೊರಗೆ ಹೋಗ್ಬೇಕಲ್ಲ."

ಮಹಿಳಾ ಬರಹದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಮಾತು ಹಲವು ಗ್ರಂಥಗಳಿಗಿಂತ ಹೆಚ್ಚು ಕಲಿಸಿತು. ನಾವು ಲೇಖಕಿಯರನ್ನು ಓದುವಾಗ ಅವರು ಏನು ಬರೆದರು ಎಂದು ಕೇಳುತ್ತೇವೆ. ಅದು ಅಚ್ಚಾದದ್ದು ಹೇಗೆ, ಹಣ ಹಾಕಿದವರು ಯಾರು, ಓದುಗರ ಕೈಗೆ ಮುಟ್ಟಿಸಿದವರು ಯಾರು ಎಂದು ಕೇಳುವುದು ಕಡಿಮೆ. ರಾಜಧಾನಿಯಿಂದ ದೂರದ ಊರಿನಲ್ಲಿ ಕುಳಿತು ಬರೆದ ಹೆಂಗಸಿಗಾದರೋ ಈ ಪ್ರಶ್ನೆಗಳೇ ಮೊದಲು ಎದುರಾಗುತ್ತಿದ್ದವು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿಯಿತ್ತು. ಪುಸ್ತಕ ಅಚ್ಚಾಗುವ ಮೊದಲೇ ಚಂದಾ ಎತ್ತುವುದು, ಚಂದಾ ಕೊಟ್ಟವರ ಹೆಸರುಗಳನ್ನು ಪುಸ್ತಕದ ಆರಂಭದಲ್ಲೇ ಅಚ್ಚು ಮಾಡುವುದು. ಬ್ರ್ಯಾಕ್ಲಿ ಎಂಬ ಸಣ್ಣ ಊರಿನ ತೋಟಗಾರನ ಮಗಳು ಮೇರಿ ಲೀಪರ್ ಅಡುಗೆಮನೆಯ ಆಳಾಗಿ ದುಡಿಯುತ್ತ ಕವಿತೆ ಬರೆದಳು. 1746ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ದಡಾರ ಬಂದು ತೀರಿಕೊಂಡಳು. ಚಂದಾ ಎತ್ತಿ ತಂದ ಅವಳ ಕವಿತೆಗಳು ಲಂಡನ್ನಿನಲ್ಲಿ ಅಚ್ಚಾದದ್ದು 1748ರಲ್ಲಿ. ತನ್ನ ಪುಸ್ತಕವನ್ನು ಅವಳು ಮುಟ್ಟಿ ನೋಡಲೇ ಇಲ್ಲ.

ಬ್ರಿಸ್ಟಲ್ಲಿನ ಹಾಲು ಮಾರುವ ಹೆಂಗಸು ಆನ್ ಇಯರ್ಸ್ಲಿ ತನ್ನ ಪುಸ್ತಕವನ್ನು ನೋಡಿದಳು, ಅದರ ಹಣವನ್ನಲ್ಲ. ಆಗಲೇ ಹೆಸರಾಗಿದ್ದ ಲೇಖಕಿ ಹ್ಯಾನಾ ಮೋರ್ ಅವಳ ಪರವಾಗಿ ಸಾವಿರಕ್ಕೂ ಹೆಚ್ಚು ಚಂದಾದಾರರನ್ನು ಕೂಡಿಸಿದಳು. 1785ರಲ್ಲಿ ಪುಸ್ತಕ ಬಂತು. ಆದರೆ ಬಂದ ಹಣವನ್ನು ಮೋರ್ ಮತ್ತು ಎಲಿಜಬೆತ್ ಮಾಂಟೆಗ್ಯು ಒಂದು ಟ್ರಸ್ಟ್ ಮಾಡಿ ತಮ್ಮ ಕೈಯಲ್ಲಿಟ್ಟುಕೊಂಡರು. ಇದಕ್ಕೆ ಕಾರಣವೂ ಇತ್ತು: ಆಗಿನ ಕಾನೂನಿನಂತೆ ಮದುವೆಯಾದವಳ ಸಂಪಾದನೆ ಗಂಡನಿಗೆ ಸೇರುತ್ತಿತ್ತು. ಇಯರ್ಸ್ಲಿ ಮಾತ್ರ ಒಪ್ಪಲಿಲ್ಲ. ಪುಸ್ತಕದ ನಾಲ್ಕನೆಯ ಮುದ್ರಣದಲ್ಲಿ ಈ ಜಗಳವನ್ನು ತನ್ನ ಕಡೆಯಿಂದ ಬರೆದು ಅಚ್ಚು ಹಾಕಿಸಿದಳು. 1793ರಲ್ಲಿ ಬ್ರಿಸ್ಟಲ್ಲಿನಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಗ್ರಂಥಾಲಯವನ್ನೂ ತೆರೆದಳು. ಆಶ್ರಯ ಕೊಟ್ಟವರಿಗೆ ಕೃತಜ್ಞಳಾಗಿ ತೆಪ್ಪಗಿರಬೇಕಾದವಳು ಲೆಕ್ಕ ಕೇಳಿದಳಲ್ಲ, ಅದೇ ಆ ಕಾಲದವರಿಗೆ ತಡೆಯಲಾಗದ ಸಂಗತಿಯಾಯಿತು.

ಈ ಲೆಕ್ಕದ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ನಂಜನಗೂಡಿಗೆ ಬರೋಣ. ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ವಕೀಲರಾಗಿದ್ದ ತಂದೆಯ ಒತ್ತಾಸೆಯಿಂದ ಮನೆಯಲ್ಲೇ ಓದು. 1913ರಲ್ಲಿ ಅವರು 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಮೊದಲ ಪುಸ್ತಕ ಅವರದೇ ಕಾದಂಬರಿ 'ಸುಶೀಲೆ'. ಮುಂದೆ 'ನಭಾ', 'ವಿರಾಗಿಣಿ', 'ದಕ್ಷಕನ್ಯೆ' ಹೀಗೆ ಸಾಲು ಸಾಲಾಗಿ ಪುಸ್ತಕಗಳು ಬಂದವು. ಕೆಲವು ವರ್ಷಗಳಲ್ಲೇ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಗೂ ಅವರು ಸಂಪಾದಕಿಯಾದರು.

ತಿರುಮಲಾಂಬಾ ಅವರಿಗೆ ಹ್ಯಾನಾ ಮೋರ್ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ಪುಸ್ತಕದ ಮೇಲೆ ಬರೆದವಳ ಹೆಸರು ಯಾವುದೋ, ಹೊರತಂದ ಮಾಲೆಯ ಹಿಂದಿನ ಹೆಸರೂ ಅದೇ. ಯಾವ ಪುಸ್ತಕ ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವೂ ಅವರದೇ.

ಅದೇ ಕಾಲದ ಗಂಡಸು ಲೇಖಕರ ಜೊತೆಗಿಟ್ಟು ನೋಡಿದರೆ ಇದರ ಭಾರ ತಿಳಿಯುತ್ತದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. ಆ ದೃಶ್ಯವನ್ನು ಕನ್ನಡ ಇಂದಿಗೂ ಅಭಿಮಾನದಿಂದ ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಒಬ್ಬ ಬಾಲವಿಧವೆ ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗುವುದನ್ನು 1913ರ ಮೈಸೂರು ಸೀಮೆ ಸಹಿಸುತ್ತಿತ್ತೇ? ಹೊಸಿಲು ದಾಟುವುದೇ ಕಷ್ಟವಾಗಿದ್ದವಳಿಗೆ ಗ್ರಂಥಮಾಲೆ ಎಂಬ ಏರ್ಪಾಡೇ ಕಾಲಾಯಿತು. ಮಾಲೆ ಎಂದರೆ ಒಂದು ಪುಸ್ತಕವನ್ನು ಓದಿದವರು ಮುಂದಿನದಕ್ಕಾಗಿ ಕಾಯುತ್ತಾರೆ. ಬರೆದವಳು ಹೋಗಲಾಗದ ಮನೆಗೆ ಅವಳ ಪುಸ್ತಕ ಹೋಗುತ್ತದೆ.

'ಸತೀ ಹಿತೈಷಿಣಿ' ಎಂಬ ಹೆಸರನ್ನೂ ಹೀಗೆಯೇ ಓದಬೇಕೆಂದು ನನಗನ್ನಿಸುತ್ತದೆ. ಮೊದಲ ಸಲ ಈ ಹೆಸರು ಕಂಡಾಗ ನನಗೆ ಕಿರಿಕಿರಿಯಾಗಿತ್ತು. ಸತಿ, ಸುಶೀಲೆ, ಸದಾಚಾರ, ಇವುಗಳಿಂದ ಬಿಡಿಸಿಕೊಳ್ಳಲೆಂದೇ ಅಲ್ಲವೇ ನಾವು ಓದಿದ್ದು? ತಿರುಮಲಾಂಬಾ ಅವರ ಬರಹದಲ್ಲಿ ಉಪದೇಶ ಹೆಚ್ಚು ಎಂಬ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹೆಂಗಸರ ಕೈಗೆ ಕಾದಂಬರಿ ಕೊಟ್ಟರೆ ಕೆಟ್ಟುಹೋಗುತ್ತಾರೆ ಎಂದು ನಂಬಿದ್ದ ಮನೆಗಳೊಳಗೆ ಯಾವ ಹೆಸರಿನ ಪುಸ್ತಕ ಹೋಗುತ್ತಿತ್ತು? ಮನೆಯ ಯಜಮಾನ ಬಾಗಿಲಲ್ಲಿ ತಡೆಯದ ಹೆಸರು ಬೇಕಿತ್ತು. ಹಾಗೆಂದು ಅದು ಬರೀ ಉಪಾಯವೂ ಅಲ್ಲ. ಆ ಮೌಲ್ಯಗಳನ್ನು ಅವರು ನಂಬಿದ್ದಿರಲೂಬಹುದು. ಪುಸ್ತಕದೊಳಗಿನ ನಾಯಕಿ ಹೊಸಿಲೊಳಗೇ ಇದ್ದರೂ, ಆ ಪುಸ್ತಕವನ್ನು ಹೊರತಂದ ಹೆಂಗಸು ಸಂಪಾದಕಿಯಾಗಿ, ಪ್ರಕಾಶಕಿಯಾಗಿ ಸಾರ್ವಜನಿಕ ವ್ಯವಹಾರ ನಡೆಸುತ್ತಿದ್ದಳು. ನಾಯಕಿಯನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ಅರ್ಧ ಚರಿತ್ರೆ ಕೈಬಿಟ್ಟ ಹಾಗೆ.

ಕೈಬಿಟ್ಟದ್ದೇ ಆಯಿತು. ತಿರುಮಲಾಂಬಾ 1982ರವರೆಗೆ ಬದುಕಿದ್ದರು. ಅಷ್ಟು ಹೊತ್ತಿಗೆ ಸಾಹಿತ್ಯಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಹೊಸ ತಲೆಮಾರಿನ ಮಹಿಳಾ ವಿದ್ವಾಂಸರು ಹುಡುಕಿ ಬರೆದ ಮೇಲೆ 'ಹೊಸಗನ್ನಡದ ಮೊದಲ ಲೇಖಕಿ' ಎಂಬ ಮನ್ನಣೆ ಮರಳಿತು.

ನಮ್ಮ ಕರಾವಳಿಯಲ್ಲಿ ಅಚ್ಚುಮೊಳೆಗಳಿಗೆ ಬರವಿರಲಿಲ್ಲ. ಬಾಸೆಲ್ ಮಿಶನ್ನಿನ ಮುದ್ರಣಾಲಯ ಮಂಗಳೂರಿನಲ್ಲಿ ಆರಂಭವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಇಲ್ಲಿಂದಲೇ ಹೊರಟಿತು. ಕಿಟೆಲ್ ಕೋಶ 1894ರಲ್ಲಿ ಇಲ್ಲೇ ಅಚ್ಚಾಯಿತು. ಆ ಮೊದಲ ಪತ್ರಿಕೆಯಿಂದ ನೂರಕ್ಕೂ ಹೆಚ್ಚು ವರ್ಷಗಳ ನಂತರ, 1950ರ ದಶಕದಲ್ಲಿ, 'ಗಿರಿಬಾಲೆ' ಹೆಸರಿನಲ್ಲಿ ಬರೆಯುತ್ತಿದ್ದ ಸರಸ್ವತಿಬಾಯಿ ರಾಜವಾಡೆ ಉಡುಪಿಯಿಂದ 'ಸುಪ್ರಭಾತ' ಪತ್ರಿಕೆಯನ್ನು ನಡೆಸಿದರು. ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಅವರ ಬದುಕಿನ ಕಥೆಯೂ ಕಳೆದೇ ಹೋಗುತ್ತಿತ್ತೇನೋ. ವೈದೇಹಿಯವರು 'ಮುಂತಾದ ಕೆಲ ಪುಟಗಳು' ಕೃತಿಯಲ್ಲಿ ಅದನ್ನು ಉಳಿಸಿಕೊಟ್ಟರು. ಇಲ್ಲೂ ಒಬ್ಬ ಲೇಖಕಿಯನ್ನು ಹುಡುಕಿಕೊಂಡು ಹೋದವರು ಇನ್ನೊಬ್ಬ ಲೇಖಕಿಯೇ. ಯಂತ್ರ ಊರಿಗೆ ಬಂದರೆ ಸಾಲದು. ಅದು ಯಾರ ಮಾತಿಗೆ ತಿರುಗುತ್ತದೆ ಎಂಬುದೂ ಮುಖ್ಯ.

ಕಳೆದ ವಾರ ಮತ್ತೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಈ ಸಲ ಕವಿತೆ ಕೇಳಲಿಲ್ಲ, ಲೆಕ್ಕ ಕೇಳಿದೆ. ದೊಡ್ಡಮ್ಮ ಒಳಗೆ ಹೋಗಿ ಹಾಲಿನ ಲೆಕ್ಕದ ಹಳೆಯ ಪುಸ್ತಕ ತಂದರು. ಅದರ ಹಿಂದಿನ ಪುಟಗಳಲ್ಲಿ ಪ್ರತಿ ಕೊಂಡವರ ಹೆಸರುಗಳು. ಟೀಚರಮ್ಮ, ಒಂದು. ಬೆಳ್ತಂಗಡಿಯ ಸೊಸೆ, ಎರಡು. ನರ್ಸ್‌ಬಾಯಿ, ಒಂದು, ಬಾಕಿ. ಎಣಿಸಿದರೆ ಮುಕ್ಕಾಲು ಪಾಲು ಹೆಂಗಸರೇ. ಮುದ್ರಕರಿಗೆ ಕೊಟ್ಟ ಹಣ, ಬಸ್ಸಿನಲ್ಲಿ ಕಟ್ಟು ತಂದ ಬಾಡಿಗೆ, ಎಲ್ಲವೂ ಅಲ್ಲಿತ್ತು.

"ಇದೆಲ್ಲ ಎಂತಕ್ಕೆ ನಿನಗೆ?" ಎಂದರು ದೊಡ್ಡಮ್ಮ.

ಪ್ರಬಂಧಕ್ಕೆ ಬೇಕು ಎಂದೆ. ಪುಟಗಳ ಫೋಟೊ ತೆಗೆದುಕೊಂಡೆ. ಹೊರಡುವಾಗ ಅಟ್ಟದಿಂದ ಎರಡು ಪ್ರತಿ ಇಳಿಸಿ ಹಣ ಕೊಟ್ಟೆ. ಮೊದಲು ಬೇಡವೆಂದವರು ಆಮೇಲೆ ತೆಗೆದುಕೊಂಡರು. ಪೆನ್ನು ಹುಡುಕಿ, ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದು, ಮುಂದೆ ಎರಡು ಎಂದು ಹಾಕಿದರು.