ಒಂದೇ ಗುರುತು, ಹಲವು ಜಾಲತಾಣ

ಮೊಬೈಲ್ ಕಂಪನಿಯನ್ನು ಬದಲಾಯಿಸಿದರೂ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳುವ ಸೌಲಭ್ಯ ಭಾರತದಾದ್ಯಂತ 2011ರ ಜನವರಿಯಲ್ಲಿ ಜಾರಿಗೆ ಬಂದಿತು. ಅಂತರಜಾಲದಲ್ಲಿ ನಮ್ಮ ಗುರುತನ್ನೂ ಹೀಗೆ ಒಯ್ಯಲು ಸಾಧ್ಯವೆ? ಸಾಮಾನ್ಯವಾಗಿ ಒಂದೊಂದು ತಾಣಕ್ಕೂ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್. ತಾಣ ಮುಚ್ಚಿದರೆ ಅಲ್ಲಿನ ಗುರುತೂ ಗೆಳೆಯರ ಬಳಗವೂ ಇಲ್ಲವಾಗುತ್ತವೆ. ಇದಕ್ಕೆ ಪರಿಹಾರ ಹುಡುಕುವ ಪ್ರಯತ್ನಕ್ಕೆ ಕಾಲು ಶತಮಾನದ ಇತಿಹಾಸವಿದೆ.

1999ರಲ್ಲಿ ಮೈಕ್ರೋಸಾಫ್ಟ್ 'ಪಾಸ್‌ಪೋರ್ಟ್' ಸೇವೆಯನ್ನು ಆರಂಭಿಸಿತು. ಒಮ್ಮೆ ಲಾಗಿನ್ ಆದರೆ ಹಲವು ಕಂಪನಿಗಳ ತಾಣಗಳನ್ನು ಬಳಸಬಹುದಿತ್ತು. ಆದರೆ ಎಲ್ಲರ ಗುರುತೂ ಒಂದೇ ಕಂಪನಿಯ ಕೈಯಲ್ಲಿರುವುದು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಹರಾಜು ತಾಣವಾದ ಇಬೇ 2005ರಲ್ಲಿ ಅದನ್ನು ಕೈಬಿಟ್ಟಿತು.

ಅದೇ ವರ್ಷ ಲೈವ್‌ಜರ್ನಲ್ ಸ್ಥಾಪಕ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 'ಓಪನ್‌ಐಡಿ'ಯನ್ನು ರೂಪಿಸಿದರು. ಇಲ್ಲಿ ಜಾಲ ವಿಳಾಸವೇ ವ್ಯಕ್ತಿಯ ಗುರುತು. ಅದನ್ನು ನಮೂದಿಸಿದೊಡನೆ ತಾಣವು ಬಳಕೆದಾರರನ್ನು ಅವರ ಗುರುತಿನ ಸರ್ವರ್‌ಗೆ ಕಳಿಸುತ್ತದೆ. ಆ ಸರ್ವರ್ ಪಾಸ್‌ವರ್ಡನ್ನು ಪರೀಕ್ಷಿಸಿ, 'ಈ ವಿಳಾಸ ಇವರದೇ' ಎಂಬ ಸಹಿಯುಳ್ಳ ಉತ್ತರವನ್ನು ಕೊಡುತ್ತದೆ. ತಾಣಕ್ಕೆ ಪಾಸ್‌ವರ್ಡ್ ತಿಳಿಯುವುದೇ ಇಲ್ಲ. ಇಂಥ ಸರ್ವರನ್ನು ಯಾರು ಬೇಕಾದರೂ ನಡೆಸಬಹುದಿತ್ತು. ಸ್ವಂತ ಜಾಲಪುಟವಿದ್ದವರು ಅದರಲ್ಲಿ ಒಂದೆರಡು ಸಾಲು ಸೇರಿಸಿ, ಆ ಪುಟದ ವಿಳಾಸವನ್ನೇ ಗುರುತಾಗಿಸಿಕೊಂಡು, ಪರೀಕ್ಷಿಸುವ ಕೆಲಸವನ್ನಷ್ಟೇ ಬೇರೆಯವರಿಗೆ ವಹಿಸಬಹುದಿತ್ತು.

ಈ ಸಣ್ಣ ಅನುಕೂಲದ ಬೆಲೆ ತಿಳಿದದ್ದು 2014ರ ಫೆಬ್ರುವರಿ 1ರಂದು, 'ಮೈಓಪನ್‌ಐಡಿ' ಸೇವೆ ಮುಚ್ಚಿದಾಗ. ಅದೇ ಸೇವೆಯ ವಿಳಾಸವನ್ನು ಗುರುತಾಗಿಸಿಕೊಂಡವರ ಗುರುತು ನಿರುಪಯುಕ್ತವಾಯಿತು. ಸ್ವಂತ ವಿಳಾಸವಿದ್ದವರು ಆ ಸಾಲುಗಳನ್ನು ತಿದ್ದಿ ಬೇರೆ ಸರ್ವರ್‌ಗೆ ಹೋಗಬಹುದಿತ್ತು. ಆದರೆ ಬಹುಪಾಲು ಜನರಿಗೆ ಸ್ವಂತ ಜಾಲಪುಟವೇ ಇರಲಿಲ್ಲ. 2008ರಲ್ಲಿ ಬಂದ 'ಫೇಸ್‌ಬುಕ್ ಕನೆಕ್ಟ್' ಒಂದೇ ಗುಂಡಿಯಲ್ಲಿ ಕೆಲಸ ಮುಗಿಸುತ್ತಿತ್ತು. ಗುರುತು ಮತ್ತೆ ಕಂಪನಿಗಳ ಕೈಸೇರಿತು.

ವಿಕೇಂದ್ರೀಕೃತ ಜಾಲಗಳು ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡವು. 2016ರಲ್ಲಿ ಬಂದ ಮಾಸ್ಟೊಡಾನ್‌ನಲ್ಲಿ ಗುರುತು ಇ-ಮೇಲ್ ವಿಳಾಸದಂತೆ ಹೆಸರು ಮತ್ತು ಸರ್ವರ್ ಎರಡನ್ನೂ ಒಳಗೊಂಡಿರುತ್ತದೆ. ಬೇರೆ ಸರ್ವರ್‌ಗೆ ಹೋದಾಗ ಅನುಯಾಯಿಗಳು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಹಳೆಯ ಸರ್ವರ್ ಹಠಾತ್ತನೆ ನಿಂತರೆ ಅನುಯಾಯಿಗಳನ್ನು ಕರೆದೊಯ್ಯುವ ದಾರಿಯೂ ಇಲ್ಲ.

ಹೀಗಾಗಿ ಗುರುತನ್ನು ಸರ್ವರ್‌ನಿಂದಲೇ ಬೇರ್ಪಡಿಸುವ ಯೋಚನೆ ಬಲವಾಯಿತು. 'ವಿಕೇಂದ್ರೀಕೃತ ಗುರುತು'ಗಳ ಮಾನಕವನ್ನು ಡಬ್ಲ್ಯು3ಸಿ ಸಂಸ್ಥೆ 2022ರ ಜುಲೈನಲ್ಲಿ ಅಂಗೀಕರಿಸಿತು. ಬ್ಲೂಸ್ಕೈ ಇದನ್ನೇ ಬಳಸುತ್ತದೆ. ಹೆಸರು ಬದಲಾದರೂ ಸರ್ವರ್ ಬದಲಾದರೂ ಒಳಗಿನ ಗುರುತು ಅದೇ. ಆದರೆ ಆ ಗುರುತುಗಳ ದಾಖಲೆ ಪಟ್ಟಿಯನ್ನು ಮೊದಲಿಗೆ ನಡೆಸಿದ್ದು ಬ್ಲೂಸ್ಕೈ ಕಂಪನಿಯೇ. 2020ರಲ್ಲಿ ಆರಂಭವಾದ ನಾಸ್ಟರ್‌ನಲ್ಲಿ ಅಂಥ ಪಟ್ಟಿಯೂ ಇಲ್ಲ. ಸಾರ್ವಜನಿಕ ಕೀಲಿಯೇ ಗುರುತು, ಖಾಸಗಿ ಕೀಲಿಯೇ ಅದರ ಒಡೆತನ. ಖಾಸಗಿ ಕೀಲಿ ಕಳೆದುಹೋದರೆ ಹೊಸದನ್ನು ಕೊಡುವವರಿಲ್ಲ. ಕಳ್ಳನಿಗೆ ಸಿಕ್ಕರೆ ಗುರುತೂ ಅವನ ಪಾಲು.

ಗುರುತನ್ನು ಬೇರೆಯವರು ಕಾದರೆ ಅವರ ಜೊತೆಗೇ ಅದು ಹೋಗಬಹುದು. ನಾವೇ ಕಾದರೆ ನಮ್ಮ ಮರೆವಿನಿಂದ ಹೋಗಬಹುದು. ಈ ಎರಡು ಅಪಾಯಗಳ ನಡುವಿನ ದಾರಿಯನ್ನು ತಂತ್ರಜ್ಞರು ಇನ್ನೂ ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ, ಹೊಸ ತಾಣವೊಂದನ್ನು ಸೇರುವಾಗ 'ಇದು ನಾಳೆ ಮುಚ್ಚಿದರೆ ನನ್ನ ಜೊತೆ ಏನು ಬರುತ್ತದೆ?' ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.